ಎರಡು ವರ್ಷ ಚೆಕ್ ಕಲಿತ ಮೇಲೆ: ಪ್ರಾಗ್‌ನ ಒಂದು ಭಾಷೆ–ಸಾಹಿತ್ಯ ಕೋರ್ಸಿನ ವಿಮರ್ಶೆ

ಪ್ರಾಗ್‌ನಲ್ಲಿ ಎಂ.ಎಸ್ಸಿ. ಓದುತ್ತಲೇ ನಾಲ್ಕು ಸೆಮಿಸ್ಟರ್ ಈ ಕೋರ್ಸಿಗೆ ಹೋದೆ. ವಿದೇಶಿ ವಿದ್ಯಾರ್ಥಿಗಳಿಗೆ ಚೆಕ್ ಭಾಷೆ ಮತ್ತು ಸಾಹಿತ್ಯದ ಪರಿಚಯ ಮಾಡಿಸುವ ಕೋರ್ಸು. ಮೊದಲ ವರ್ಷ ಬರೀ ವ್ಯಾಕರಣ, ಎರಡನೇ ವರ್ಷ ಓದು. ಮೊದಲ ವರ್ಷ ಮುಗಿದಾಗಲೇ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು.

ಮೊದಲ ತೊಂದರೆ ವೇಗದ್ದು. ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಕ್ರೇನಿನವರು. ಅವರ ಭಾಷೆಯೂ ಚೆಕ್ಕೂ ಒಂದೇ ಸ್ಲಾವಿಕ್ ಕುಟುಂಬದವು, ಎಷ್ಟೋ ಪದ ಅವರಿಗೆ ಕೇಳಿದ ಕೂಡಲೇ ಹೊಳೆಯುತ್ತದೆ. ಪಾಠ ಅವರ ವೇಗದಲ್ಲೇ ಓಡಿತು. ನಾನೂ ವಿಯೆಟ್ನಾಮಿನ ಇಬ್ಬರೂ ಹಿಂದೆ ಉಳಿದೆವು. ನಮಗೆ ಬೇರೆ ಗುಂಪು ಮಾಡಿ ಅಂತ ಎರಡು ಸಲ ಬರೆದುಕೊಟ್ಟೆ. ಏನೂ ಆಗಲಿಲ್ಲ. ಆ ಒಂದು ಸ್ಟಾರ್ ಕಡಿಮೆಯಾಗಿದ್ದು ಇದಕ್ಕೇ.

ಎರಡನೆಯದು, ಪುಸ್ತಕದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಚೆಕ್‌ನಲ್ಲಿ ಏಳು ವಿಭಕ್ತಿ ಇವೆ ಅನ್ನುವುದನ್ನು ಅದು ದೊಡ್ಡ ಭೂತದ ಹಾಗೆ ತೋರಿಸುತ್ತದೆ. ಒಂದು ದಿನ ಸುಮ್ನೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ‘ಪ್ರಹ’ ಅಂದರೆ ಪ್ರಾಗ್. ಪ್ರಾಗಿಗೆ ಅಂದರೆ ‘ದೊ ಪ್ರಹಿ’, ಪ್ರಾಗಿನಲ್ಲಿ ಅಂದರೆ ‘ಫ್ ಪ್ರಜೆ’. ಮೈಸೂರಿಗೆ, ಮೈಸೂರಲ್ಲಿ ಅಂದ ಹಾಗೇ ಅಲ್ವಾ? ಅಲ್ಲಿನ ಮಕ್ಕಳೂ ಒಂದನೆಯದು, ಎರಡನೆಯದು ಅಂತ ಏಳರವರೆಗೆ ವಿಭಕ್ತಿ ಎಣಿಸುತ್ತಾರೆ. ಐದನೆಯದು ಸಂಬೋಧನೆ. ಯನ್ ಅನ್ನುವ ಹೆಸರಿನವನನ್ನು ಕರೆಯುವಾಗ ‘ಯನೆ!’ ಅನ್ನಬೇಕು. ಹ್ರಸ್ವ ದೀರ್ಘವೂ ನಮ್ಮ ಹಾಗೇ. ‘ಬಿತ್’ ಅಂದರೆ ಫ್ಲ್ಯಾಟು, ‘ಬೀತ್’ ಅಂದರೆ ಇರುವುದು. ಬಿಡು–ಬೀಡು ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಮ್ಮಲ್ಲಿ ‘ದೊಡ್ಡ ಮನೆ’ ‘ದೊಡ್ಡ ಮನೆಯಲ್ಲಿ’ ಆದರೂ ‘ದೊಡ್ಡ’ ಬದಲಾಗುವುದಿಲ್ಲ. ಅಲ್ಲಿ ‘ವೆಲ್ಕೀ ದೂಮ್’ ಹೋಗಿ ‘ವೆ ವೆಲ್ಕೇಮ್ ದೊಮ್ನ್ಯೆ’ ಆಗುತ್ತದೆ. ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ. ಇದಕ್ಕೆ ಬಾಯಿಪಾಠ ಒಂದೇ ದಾರಿ. ರ ಮತ್ತು ಝ ಒಟ್ಟಿಗೇ ಹೊರಡುವ ಆ ಒಂದು ಅಕ್ಷರ ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ನಿಜವಾದ ಬೇಸರ ಬೀದಿಯಲ್ಲಿ ಆಯಿತು. ‘ಒಳ್ಳೆಯ’ ಅನ್ನಲು ಪುಸ್ತಕ ‘ದೊಬ್ರೀ’ ಅನ್ನುತ್ತದೆ, ಊರು ‘ದೊಬ್ರೆಯ್’ ಅನ್ನುತ್ತದೆ. ಕಿಟಕಿ ಪುಸ್ತಕದಲ್ಲಿ ‘ಒಕ್ನೊ’, ಜನರ ಬಾಯಲ್ಲಿ ‘ವೊಕ್ನೊ’. ನಮ್ಮ ‘ಒಂದು’ ಮಾತಿನಲ್ಲಿ ‘ವೊಂದು’ ಆಗುವುದಿಲ್ಲವೇ, ಹಾಗೆ. ‘ಹೌದು’ ಅನ್ನಲು ಅವರು ‘ನೊ’ ಅನ್ನುತ್ತಾರೆ! ಅಂಗಡಿಯಲ್ಲಿ ಬ್ರೆಡ್ ಇದೆಯಾ ಅಂತ ಕೇಳಿ, ‘ನೊ’ ಕೇಳಿಸಿಕೊಂಡು ವಾಪಸ್ ಬಂದಿದ್ದೇನೆ. ಒಂದು ವರ್ಷದ ಪಾಠದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಆಡುಮಾತನ್ನು ನನಗೆ ಕಲಿಸಿದ್ದು ಸಾಹಿತ್ಯದ ವರ್ಷ. ಯಾರೊಸ್ಲಾವ್ ಹಾಶೆಕ್ 1921ರಲ್ಲಿ ಶುರುಮಾಡಿ, 1923ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ಬಿಟ್ಟುಹೋದ, ಶ್ವೇಯ್ಕ್ ಅನ್ನುವ ಸಿಪಾಯಿಯ ಕಾದಂಬರಿಯ ಕೆಲವು ಪುಟ ಓದಿಸಿದರು. ಶ್ವೇಯ್ಕ್ ಮಾತಾಡುವುದು ಅದೇ ಬೀದಿಯ ಚೆಕ್‌ನಲ್ಲಿ. ಟ್ರಾಮಿನಲ್ಲಿ ಕೇಳಿದ್ದೆಲ್ಲ ಅಚ್ಚಾಗಿ ಕಣ್ಣೆದುರು ಬಂತು. ಯಾವುದು ಬರೆಯುವ ರೂಪ, ಯಾವುದು ಆಡುವ ರೂಪ ಅಂತ ಟೀಚರ್ ಸಾಲು ಸಾಲಾಗಿ ಬಿಡಿಸಿ ಹೇಳಿದರು. ಆ ಮೂರು ವಾರ ಇಡೀ ಕೋರ್ಸಿನಲ್ಲೇ ಚೆನ್ನಾಗಿದ್ದವು.

ಕರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕವೂ ಇತ್ತು. ರೋಬೋಟ್ ಅನ್ನುವ ಪದ ಲೋಕಕ್ಕೆ ಬಂದಿದ್ದು ಇಲ್ಲಿಂದ. ಅದನ್ನು ಸೂಚಿಸಿದ್ದು ಅವರ ಅಣ್ಣ ಯೋಸೆಫ್. ಮೂಲ ‘ರೊಬೊತ’, ಅಂದರೆ ಜಮೀನುದಾರನಿಗೆ ಮಾಡಬೇಕಿದ್ದ ಬಿಟ್ಟಿ ಚಾಕರಿ. ‘ಬಿಟ್ಟಿ’ ಅಂತ ಕನ್ನಡದಲ್ಲಿ ಬರೆದುಕೊಂಡ ಮೇಲೆ ನಾಟಕದ ಸಿಟ್ಟು ನನಗೆ ಅರ್ಥವಾಯಿತು. 500 ಕೊರುನ ನೋಟಿನ ಮೇಲಿರುವ ಹೆಂಗಸು ಬೊಜೆನಾ ನ್ಯೆಮ್ಸೊವಾ, 1855ರಲ್ಲಿ ‘ಬಬಿಚ್ಕ’, ಅಂದರೆ ‘ಅಜ್ಜಿ’, ಬರೆದವರು ಅಂತ ತಿಳಿದಿದ್ದೂ ಇಲ್ಲೇ. ಅದರ ಹಳೇ ಚೆಕ್ ಮಾತ್ರ ನಮ್ಮ ಮಟ್ಟಕ್ಕೆ ಭಾರವಾಯಿತು.

ಸೇರುವವರು ಎರಡೂ ವರ್ಷಕ್ಕೆ ಸಮಯ ಇದ್ದರೆ ಮಾತ್ರ ಸೇರಿ. ಬರೀ ಮೊದಲ ವರ್ಷಕ್ಕಾದರೆ ಬೇಡ. ಮೊದಲ ದಿನದಿಂದಲೇ ಟಿಪ್ಪಣಿ ಕನ್ನಡದಲ್ಲಿ ಬರೆದುಕೊಳ್ಳಿ. ಅಂಗಡಿಯವರು ‘ನೊ’ ಅಂದರೆ ವಾಪಸ್ ಬರಬೇಡಿ, ಬ್ರೆಡ್ ಇದೆ.