ಡೇಕೇರ್ ರಿವ್ಯೂ: ಆಟದ ಸಾಮಾನು ತೊಳೆಯೋದ್ರಲ್ಲಿ ಐದಕ್ಕೆ ನಾಕು

ಬನಶಂಕರಿ ಕಡೆ ನಾವು ಮಗಳನ್ನ ಬಿಡ್ತಿರೋ ಡೇಕೇರ್ ಬಗ್ಗೆ ಸುಮಾರು ಜನ ಕೇಳ್ತಿದ್ರು, ಊಟ ಹೇಗೆ, ಸಿಸಿಟಿವಿ ಇದ್ಯಾ ಅಂತ. ಅದೆಲ್ಲಾ ಎಲ್ಲಾ ಕಡೆ ಇರೋ ಹಾಗೇ ಇದೆ, ಪರ್ವಾಗಿಲ್ಲ. ನಾನು ಹೇಳ್ಬೇಕಂತಿರೋದು ಆಟದ ಸಾಮಾನು ತೊಳೆಯೋದ್ರ ಬಗ್ಗೆ, ಅಡ್ಮಿಶನ್ ಟೈಮಲ್ಲಿ ಅದನ್ನ ಯಾರೂ ಕೇಳಲ್ಲ, ಮಳೆಗಾಲದಲ್ಲಿ ಒಂದು ಮಗುಗೆ ಎಚ್‌ಎಫ್‌ಎಂಡಿ (ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳೋ ಅಂಟು ಕಾಯಿಲೆ) ಬಂದು ಅರ್ಧ ಕ್ಲಾಸು ಮನೇಲಿ ಕೂತಾಗ್ಲೇ ನೆನಪಾಗೋದು.

ಇಲ್ಲಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಕೆಂಪು ಟಬ್ ಇಟ್ಟಿದಾರೆ. ಬಾಯಿಗಿಟ್ಟ ಸಾಮಾನೆಲ್ಲಾ ಆಗಿಂದಾಗ್ಲೇ ಅದ್ರೊಳಗೆ. ನಾನು ನಿಂತಿದ್ದಾಗ್ಲೇ ಒಂದು ಪಾಪು ಹಳದಿ ಬಾತುಕೋಳಿನ ಕಚ್ಚಿ ಜೊಲ್ಲು ಮಾಡಿ ಎಸೀತು, ಇನ್ನೊಂದು ತೆವಳ್ಕೊಂಡು ಬರೋದ್ರೊಳಗೆ ಅಲ್ಲಿರೋ ಅಕ್ಕ ಅದನ್ನ ಎತ್ಕೊಂಡು "ಬಾತುಕೋಳಿ ಸ್ನಾನಕ್ಕೆ ಹೋಯ್ತು ಕಂದ" ಅಂತ ಕೈಗೊಂದು ಆಟದ ಕಪ್ ಕೊಟ್ರು. ನನಗೆ ಅಲ್ಲೇ ಅರ್ಧ ಸಮಾಧಾನ ಆಯ್ತು.

ಸಂಜೆ ಮೊದ್ಲು ಸೋಪ್ ನೀರಲ್ಲಿ ಬ್ರಶ್ ಹಾಕಿ ಉಜ್ಜಿ ತೊಳೀತಾರೆ, ಆಮೇಲಷ್ಟೇ ಬ್ಲೀಚ್ ನೀರು. ಇದು ಉಲ್ಟಾ ಆದ್ರೆ ಪ್ರಯೋಜನ ಇಲ್ಲ, ಜೊಲ್ಲು ಬಿಸ್ಕೆಟ್ ಪುಡಿ ಮೆತ್ಕೊಂಡಿರೋದ್ರ ಮೇಲೆ ಬ್ಲೀಚ್ ಹಾಕಿದ್ರೆ ಅದ್ರ ಪವರ್ರೆಲ್ಲಾ ಆ ಕೊಳೆಗೇ ಖರ್ಚು. ಬಾಟಲ್ ಮೇಲೆ ಬರೆದಿರೋ ಅಳತೇಲಿ ದಿನಾ ಹೊಸ್ದಾಗಿ ಕಲಸ್ತಾರೆ, ನಿನ್ನೇದು ಚೆಲ್ತಾರೆ. ಸ್ವಲ್ಪ ಹೊತ್ತು ಮುಳುಗಿಸಿಟ್ಟು, ನೀರಲ್ಲಿ ಜಾಲಿಸಿ, ತೂತಿನ ಬುಟ್ಟಿಲಿ ಹಾಗೇ ಒಣಗೋಕೆ ಬಿಡ್ತಾರೆ, ಬಟ್ಟೇಲಿ ಒರೆಸಲ್ಲ. ಪಿಚಕಾರಿ ಥರ ನೀರು ಚಿಮ್ಮೋ ರಬ್ಬರ್ ಗೊಂಬೆಗಳನ್ನ ಇಟ್ಕೊಂಡೇ ಇಲ್ಲ, ಒಳಗೆ ಕಪ್ಪಗೆ ಬೂಸ್ಟು ಕಟ್ಟತ್ತೆ ಅಂತ.

ಇದಕ್ಕೆ ಮುಂಚೆ ಬಿಡ್ತಿದ್ದ ಕಡೆ (ಹೆಸರು ಬೇಡ ಬಿಡಿ) ಗೇಟಲ್ಲೇ ಸ್ಯಾನಿಟೈಸರ್ ಘಮ್ ಅನ್ನೋದು. ಕ್ಲೀನಾಗಿದೆ ಅನ್ಸೋದು, ಆದ್ರೆ ಎಲ್ಲಾದಕ್ಕೂ ಅದೇ ಪುಸ್ ಪುಸ್, ತೊಳೆಯೋ ಮಾತೇ ಇಲ್ಲ. ಎಚ್‌ಎಫ್‌ಎಂಡಿ ತರೋ ವೈರಸ್‌ಗೆ ಮೇಲೆ ಕೊಬ್ಬಿನ ಕವಚ ಇರಲ್ಲ, ಹಾಗಾಗಿ ಆಲ್ಕೋಹಾಲ್ ಸ್ಯಾನಿಟೈಸರ್ ಅದ್ರ ಮೇಲೆ ಅಷ್ಟಾಗಿ ನಡಿಯಲ್ಲ. ಜೊತೆಗೆ ನಾವು ಕೊಟ್ಟಿದ್ದ ಚನ್ನಪಟ್ಟಣದ ಗಿಲಕಿಗೂ ಅದನ್ನೇ ಹೊಡೆದು ಹೊಡೆದು ಬಣ್ಣ ಅಂಟಂಟಾಗಿ ಕೈಗೆ ಬರೋಕೆ ಶುರುವಾಯ್ತು, ಅದ್ರ ಮೇಲಿರೋದು ಅರಗು ಕಣ್ರೀ, ಆಲ್ಕೋಹಾಲ್‌ಗೆ ಕರಗತ್ತೆ. ಇಲ್ಲಿ ಮರದ ಸಾಮಾನನ್ನ ನೀರಲ್ಲಿ ನೆನೆಹಾಕಲ್ಲ, ಹಿಂಡಿದ ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಇಡ್ತಾರೆ, ಎಲ್ಲಾ ಬಾಯಿಗಿಡೋ ಚಿಕ್ಕವರಿಗೆ ಅದನ್ನ ಕೊಡೋದೇ ಇಲ್ಲ.

ಒಂದು ಸ್ಟಾರ್ ಕಟ್ ಮಾಡಿರೋದು ಟೆಡ್ಡಿಗೆ. ಸಣ್ಣ ಬಟ್ಟೆ ಗೊಂಬೆಗಳು ವಾರವಾರ ಮಶಿನ್‌ಗೆ ಹೋಗ್ತವೆ ಸರಿ, ಮೂಲೇಲಿ ಕೂತಿರೋ ಆಳೆತ್ತರದ ಕರಡಿ ಯಾವ ಮಶಿನ್‌ಗೆ ಹೋಗತ್ತೆ? ಕೇಳಿದ್ರೆ "ಬಿಸಿಲಿಗೆ ಹಾಕ್ತೀವಿ ಮೇಡಂ" ಅಂತಾರೆ. ಮೂಗು ಸುರಿಸ್ಕೊಂಡು ಎಲ್ಲಾ ಮಕ್ಕಳೂ ಅದನ್ನೇ ತಬ್ಕೊಳೋದು. ತೆಗೆದ್ಬಿಡಿ ಅಂತ ಹೇಳಿದೀನಿ, ಇನ್ನೂ ಅಲ್ಲೇ ಇದೆ.

ಫೀಸು ಸ್ವಲ್ಪ ಜಾಸ್ತಿನೇ, ಪಾರ್ಕಿಂಗ್ ಅಂತೂ ಕೇಳ್ಬೇಡಿ. ನೋಡೋಕೆ ಹೋಗೋರು ಬೆಳಿಗ್ಗೆ ಬೇಡ, ಸಂಜೆ ಐದೂವರೆ ಮೇಲೆ ಹೋಗಿ, ತೊಳೆಯೋ ಟೈಮು ಅದೇ.