ಕುಸುಬಿ ಎಣ್ಣೆ, ಕಡಲೆ ಹಿಟ್ಟು, ತೊಳೆದ ತುಪ್ಪ: ಒಣ ಚರ್ಮಕ್ಕೆ ನಾಲ್ಕು ವರ್ಷಗಳ ಮನೆಯ ಆರೈಕೆ

ಡಿಸೆಂಬರ್ ಬಂತೆಂದರೆ ಮೊಣಕಾಲಿನ ಕೆಳಗಿನ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗಿ, ಉಗುರು ತಾಗಿದರೂ ಗೆರೆ ಮೂಡುವಷ್ಟು ಒಣಗುವುದು ನನಗೆ ಚಿಕ್ಕಂದಿನಿಂದಲೂ ಇರುವ ತೊಂದರೆ. ಕಲಬುರಗಿಯಲ್ಲಿ ಚಳಿಗಾಲದ ಒಣ ಹವೆ ಮುಗಿಯುತ್ತಿದ್ದಂತೆ 40 ಡಿಗ್ರಿ ದಾಟುವ ಬೇಸಿಗೆಯ ಬಿಸಿಗಾಳಿ ಶುರುವಾಗುವುದರಿಂದ ಚರ್ಮಕ್ಕೆ ನೆಮ್ಮದಿ ಸಿಗುವುದು ಮಳೆಗಾಲದ ಕೆಲವು ತಿಂಗಳು ಮಾತ್ರ. ಇದರ ಜೊತೆಗೆ ನಮ್ಮ ಮನೆಗೆ ಬರುವುದು ಗಡಸು ಬೋರ್‌ವೆಲ್ ನೀರು. ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಜಿಡ್ಡಿನಂತಹ ಕಸರಾಗಿ ಮೈಮೇಲೆ ಉಳಿಯುತ್ತದೆ. ಸುವಾಸನೆಯ ಲೋಷನ್‌ಗಳು ಹಚ್ಚಿದ ಕೂಡಲೇ ಉರಿಯತೊಡಗಿದಾಗ ಅವುಗಳನ್ನು ಬಿಟ್ಟು, ಅಡುಗೆಮನೆಯ ಪದಾರ್ಥಗಳನ್ನು ಒಂದೊಂದಾಗಿ ಬಳಸಿ ನೋಡತೊಡಗಿದೆ. ನಾಲ್ಕು ವರ್ಷಗಳ ಬಳಕೆಯ ನಂತರ ಇದನ್ನು ಬರೆಯುತ್ತಿದ್ದೇನೆ.

ನಿಜವಾಗಿ ಉಪಕಾರ ಮಾಡಿದ್ದು ಕುಸುಬಿ ಎಣ್ಣೆ. ನಮ್ಮ ಭಾಗದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಈ ಮುಳ್ಳಿನ ಗಿಡದ ಬೀಜದಿಂದ ತೆಗೆದ ಎಣ್ಣೆಯನ್ನು ನಾವು ಒಗ್ಗರಣೆಗೆ ಬಳಸುತ್ತಲೇ ಬಂದಿದ್ದೇವೆ. ಸಾಂಪ್ರದಾಯಿಕ ತಳಿಗಳ ಕುಸುಬಿ ಎಣ್ಣೆಯಲ್ಲಿ ಸುಮಾರು ಶೇಕಡಾ 70ರಿಂದ 75ರಷ್ಟು ಲಿನೋಲಿಕ್ ಆಮ್ಲವಿರುತ್ತದೆ. ಚರ್ಮದ ಹೊರಪದರದಲ್ಲಿ ನೀರು ಆರಿಹೋಗದಂತೆ ತಡೆಯುವ ಸೆರಮೈಡ್ ಎಂಬ ಕೊಬ್ಬು ರೂಪುಗೊಳ್ಳಲು ಈ ಆಮ್ಲ ಬೇಕು. ಓಲಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆ ಇದಕ್ಕೆ ವಿರುದ್ಧವಾಗಿ ಆ ಪದರವನ್ನು ಸಡಿಲಗೊಳಿಸಬಲ್ಲದು; ದುಬಾರಿ ಬೆಲೆ ಕೊಟ್ಟು ತಂದ ಆಲಿವ್ ಎಣ್ಣೆಯನ್ನು ಒಂದು ತಿಂಗಳು ಹಚ್ಚಿಕೊಂಡು ತುರಿಕೆ ಹೆಚ್ಚಿಸಿಕೊಂಡ ಮೇಲೆಯೇ ನಾನು ಈ ವ್ಯತ್ಯಾಸವನ್ನು ಓದಿ ತಿಳಿದುಕೊಂಡೆ.

ಆದರೆ ಮೊದಲ ಚಳಿಗಾಲದಲ್ಲಿ ಕುಸುಬಿ ಎಣ್ಣೆಯೂ ಅಷ್ಟೇನೂ ಫಲ ಕೊಡಲಿಲ್ಲ. ನಾನು ಸ್ನಾನ ಮಾಡಿ, ಮೈ ಪೂರ್ತಿ ಒರೆಸಿ, ಬಟ್ಟೆ ತೊಟ್ಟು, ಕೆಲಸವೆಲ್ಲ ಮುಗಿದ ಮೇಲೆ ಎಣ್ಣೆ ಹಚ್ಚುತ್ತಿದ್ದೆ. ಅದನ್ನು ನೋಡಿದ ಅವ್ವ, "ಮೈ ಹಸಿ ಇದ್ದಾಗನ ಹಚ್ಕೋಬೇಕು, ಒಣಗಿದ ಮ್ಯಾಲ ಹಚ್ಚಿದ್ರ ಏನ್ ಬಂತು?" ಎಂದಳು. ಅವಳ ಮಾತೇ ಸರಿ. ಎಣ್ಣೆ ತಾನಾಗಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ಮುಚ್ಚಳದಂತೆ ಕೂರುತ್ತದೆ. ಮುಚ್ಚುವುದಕ್ಕೆ ಒಳಗೆ ನೀರಿರಬೇಕು. ಅಂದಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಸ್ನಾನ ಮುಗಿಸಿ, ಟವೆಲ್ಲನ್ನು ಉಜ್ಜದೆ ಒತ್ತಿ ಮಾತ್ರ ತೆಗೆದು, ಎರಡು ಮೂರು ನಿಮಿಷಗಳೊಳಗೆ ಒಂದು ಚಮಚ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚುತ್ತೇನೆ. ಮೂರು ವಾರಗಳಲ್ಲಿ ಕಾಲಿನ ಬಿಳಿ ಪೊರೆ ಹೋಯಿತು. ಯಾವ ಪದಾರ್ಥವನ್ನು ಹಚ್ಚಿದೆ ಎಂಬುದಕ್ಕಿಂತ ಯಾವಾಗ ಹಚ್ಚಿದೆ ಎಂಬುದೇ ನನ್ನ ಚರ್ಮಕ್ಕೆ ಹೆಚ್ಚು ಮುಖ್ಯವಾಗಿತ್ತು.

ಕಡಲೆ ಹಿಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಅದು ಜಿಡ್ಡನ್ನು ಹೀರುವ ಹಿಟ್ಟು. ಎಣ್ಣೆಯಂಶ ಹೆಚ್ಚಿರುವ ಚರ್ಮಕ್ಕೆ ಅದು ಗುಣವಾದರೆ, ಮೊದಲೇ ಜಿಡ್ಡಿಲ್ಲದ ಚರ್ಮಕ್ಕೆ ಅದೇ ದೋಷ. ಹಾಲಿನ ಕೆನೆ ಸೇರಿಸಿದಾಗ ಒಣಗಿಸುವ ಗುಣ ಕಡಿಮೆಯಾಯಿತು, ಆದರೂ ಒಣಗಿದ ಲೇಪವನ್ನು ತಿಕ್ಕಿ ತೆಗೆಯುವಾಗ ಚರ್ಮ ಕೆಂಪಾಗುತ್ತಿತ್ತು. ಈಗ ಹಬ್ಬದ ಅಭ್ಯಂಗನಕ್ಕೆ, ಮೈಗೆ ಎಣ್ಣೆ ಹಚ್ಚಿಕೊಂಡ ಮೇಲೆ, ತಿಕ್ಕದೆ ನೀರಿನಲ್ಲಿ ಕದಡಿ ಸುರಿದುಕೊಳ್ಳಲು ಮಾತ್ರ ಅದನ್ನು ಬಳಸುತ್ತೇನೆ. ಮೊಸರು ಬಿರುಕು ಬಿಟ್ಟ ಜಾಗದಲ್ಲಿ ಉರಿಯುತ್ತದೆ. ಜೇನು ಮುಖಕ್ಕೆ ಹಿತವಾಗಿದ್ದರೂ ದಿನವೂ ಮಾಡುವ ಕೆಲಸವಲ್ಲ.

ನಿಂಬೆರಸವನ್ನು ಯಾರೂ ಹಚ್ಚಿಕೊಳ್ಳಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ. ಜೇನಿಗೆ ನಿಂಬೆ ಹಿಂಡಿ ಮುಂಗೈಗೆ ಹಚ್ಚಿ, ಸರಿಯಾಗಿ ತೊಳೆಯದೆ ಏಪ್ರಿಲ್ ಬಿಸಿಲಿಗೆ ಹೋದ ಎರಡು ದಿನಗಳಲ್ಲಿ ಸುಟ್ಟಂತೆ ಗುಳ್ಳೆಗಳೆದ್ದವು, ಕಪ್ಪು ಕಲೆ ಹೋಗಲು ತಿಂಗಳುಗಳೇ ಬೇಕಾದವು. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ ಎಂದು ಚರ್ಮವೈದ್ಯರು ವಿವರಿಸಿದರು. ಚರ್ಮ ಒಡೆದು ರಸಿಗೆ ಬಂದ ಜಾಗಕ್ಕೆ, ಅದರಲ್ಲೂ ಇಸುಬು ಇರುವ ಕೂಸುಗಳಿಗೆ, ಹಾಲು, ಹಿಟ್ಟುಗಳನ್ನು ಹಚ್ಚಿದರೆ ಮುಂದೆ ಅದೇ ಆಹಾರ ಮೈಗೆ ಒಗ್ಗದೆ ಹೋಗುವ ಅಪಾಯವಿದೆ ಎಂದೂ ಅವರು ಎಚ್ಚರಿಸಿದರು.

ತುಟಿ ಮತ್ತು ಮೊಣಕೈಗಳಿಗೆ ಶತಧೌತ ಘೃತವನ್ನು ಮಾಡಿಕೊಳ್ಳುತ್ತೇನೆ. ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪವನ್ನು ಹಾಕಿ, ಕುಡಿಯುವ ನೀರು ಬೆರೆಸಿ ಅಂಗೈಯಿಂದ ತಿಕ್ಕಿ, ಆ ನೀರು ಚೆಲ್ಲಿ ಮತ್ತೆ ಹೊಸ ನೀರು ಹಾಕುತ್ತ ನೂರು ಸಲ ತೊಳೆಯಬೇಕು. ಹಳದಿ ತುಪ್ಪ ನಿಧಾನವಾಗಿ ಬೆಳ್ಳಗಾಗಿ, ಬೆಣ್ಣೆಗಿಂತ ಹಗುರವಾಗಿ ಕೈಗೆ ಬರುವ ಆ ಗಳಿಗೆ ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ. ಒಂದು ಗಂಟೆಗೂ ಹೆಚ್ಚು ಶ್ರಮದ ಕೆಲಸವಾದ್ದರಿಂದ ವರ್ಷಕ್ಕೆ ಎರಡು ಸಲವಷ್ಟೇ ಸಾಧ್ಯ. ನೀರಿನಂಶ ಉಳಿಯುವುದರಿಂದ ಬೇಗ ಕೆಡಬಹುದು. ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಒಣ ಚಮಚದಿಂದ ತೆಗೆಯುತ್ತೇನೆ.

ಒಡೆದ ಹಿಮ್ಮಡಿಗೆ ಮಾತ್ರ ಇವು ಯಾವುವೂ ಸಾಲಲಿಲ್ಲ. ಅಲ್ಲಿ ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಕಾಲುಚೀಲ ಹಾಕಿಕೊಳ್ಳುತ್ತೇನೆ. ಕುಸುಬಿ ಎಣ್ಣೆಯ ದೊಡ್ಡ ಕೊರತೆಯೆಂದರೆ ಅದು ಬಿಸಿಲೂರಿನಲ್ಲಿ ಬೇಗ ಕಮಟು ಹಿಡಿಯುತ್ತದೆ, ಹಾಸಿಗೆಯ ಹೊದಿಕೆಗೂ ವಾಸನೆ ಹತ್ತುತ್ತದೆ. ಆದ್ದರಿಂದ ಫೆಬ್ರುವರಿ, ಮಾರ್ಚ್‌ನಲ್ಲಿ ಹೊಸ ಕುಸುಬಿ ಬಂದರೂ ವರ್ಷದ ಎಣ್ಣೆಯನ್ನು ಒಮ್ಮೆಗೇ ತರುವುದಿಲ್ಲ. ಗಾಣದಿಂದ ಕಾಲು ಲೀಟರ್ ತಂದು, ಬಣ್ಣದ ಗಾಜಿನ ಸೀಸೆಯಲ್ಲಿ ತುಂಬಿ, ಒಲೆಯಿಂದ ದೂರದ ಕಪಾಟಿನಲ್ಲಿ ಇಡುತ್ತೇನೆ.