ಮಳೆಗಾಲದಲ್ಲಿ ಮಾಲ್ಡೀವ್ಸ್ ಆಫರ್ ಅಂತ ಫೋನ್ ಬಂದ್ರೆ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ನಮ್ಮ ಕೊಡಗಿನೋರಿಗೇ ಅಂತ ಇದನ್ನ ಬರೀತಾ ಇದ್ದೀನಿ, ಯಾಕಂದ್ರೆ ಈ ಪ್ಯಾಕೇಜ್ ಮಾರೋರಿಗೆ ನಮ್ಮ ಕ್ಯಾಲೆಂಡರ್ ನಮಗಿಂತ ಚೆನ್ನಾಗಿ ಗೊತ್ತು. ರೊಬಸ್ಟಾ ಕುಯ್ಲು ಮುಗಿದು, ಕಾಫಿ ಕರಿಮೆಣಸು ಮಾರಿ, ಏಪ್ರಿಲ್ ಮೇ ಪೂರ್ತಿ ಮದ್ವೆ ಮನೆ ಸುತ್ತಿ ಆದ್ಮೇಲೆ ಕೈಯಲ್ಲಿ ನಾಲ್ಕು ಕಾಸು, ಸ್ವಲ್ಪ ಬಿಡುವು ಎರಡೂ ಒಟ್ಟಿಗೆ ಸಿಗೋದೇ ಜೂನ್ ಜುಲೈಲಿ, ಅದೂ ಗದ್ದೆ ನಾಟಿ ಇಲ್ಲದೋರಿಗೆ. ಸರಿಯಾಗಿ ಅದೇ ಟೈಮಿಗೆ ವಾಟ್ಸಾಪ್ ಗ್ರೂಪಲ್ಲಿ ನೀಲಿ ನೀರು, ನೀರಿನ ಮೇಲೆ ಮರದ ಮನೆ ಇರೋ ಫೋಟೋ ಬೀಳುತ್ತೆ. "ಮಳೆಯಿಂದ ತಪ್ಪಿಸ್ಕೊಳ್ಳಿ, ಮಾಲ್ಡೀವ್ಸ್ ಫ್ಯಾಮಿಲಿ ಪ್ಯಾಕೇಜ್, ಅರ್ಧ ರೇಟ್!" ಅರ್ಧ ರೇಟ್ ಯಾಕೆ ಅಂತ ಮಾತ್ರ ಯಾರೂ ಹೇಳಲ್ಲ.

ಯಾಕೆ ಅಂದ್ರೆ ಮಳೆಯಿಂದ ತಪ್ಪಿಸ್ಕೊಂಡು ಹೋಗೋದು ಮಳೆಗೇ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿಸೋ ನೈಋತ್ಯ ಮುಂಗಾರು ಇದ್ಯಲ್ಲ, ಅದೇ ಗಾಳಿ ಮಾಲ್ಡೀವ್ಸ್ ಮೇಲೂ ಬೀಸುತ್ತೆ, ಮೇ ಮಧ್ಯದಿಂದ ಹೆಚ್ಚುಕಮ್ಮಿ ಅಕ್ಟೋಬರ್ ತನಕ. ಅಲ್ಲಿ ನಮ್ ತರ ವಾರಗಟ್ಟಲೆ ಬಿಡದೆ ಹೊಯ್ಯಲ್ಲ, ಒಪ್ತೀನಿ, ರಪ್ಪಂತ ಒಂದು ಗಂಟೆ ಹೊಡೆದು ಬಿಸಿಲೂ ಬರುತ್ತೆ, ಅದೃಷ್ಟ ಇದ್ರೆ ಎರಡು ಮೂರು ದಿನ ಆಕಾಶ ಚೆನ್ನಾಗೂ ಇರುತ್ತೆ. ತೊಂದರೆ ಮಳೆದಲ್ಲ, ಗಾಳಿ ಮತ್ತೆ ಅಲೆದು. ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಕ್ಕೆ ರಸ್ತೆ ಇಲ್ಲ, ಇರೋದು ಬೋಟು ಇಲ್ಲಾಂದ್ರೆ ವಿಮಾನ, ಸಮುದ್ರ ಎದ್ದಿತು ಅಂದ್ರೆ ಇಡೀ ಟ್ರಿಪ್ಪೇ ಅಲ್ಲಿಗೆ ನಿಂತೋಯ್ತು. ಇಲ್ಲೇ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಬಿಡಲ್ಲ ಅನ್ನೋದು ನಮಗೆಲ್ಲ ಗೊತ್ತಲ್ವಾ, ಅದೇ ಅರಬ್ಬೀ ಸಮುದ್ರ ಕೆಳಗೆ ಹೋದ್ರೆ ಮಾಲ್ಡೀವ್ಸ್.

ನಮ್ಮನೇದು ಹೇಳ್ತೀನಿ. ಬುಕ್ ಮಾಡಿದ್ದು ಭಾವ, ಹೋಗಿದ್ದು ಅಮ್ಮ, ಅಕ್ಕ ಭಾವ, ನಾನು ನಮ್ಮನೆಯವರು, ಮಕ್ಕಳು. ಅಮ್ಮನಿಗೆ ಮಂಡಿ ನೋವು, ಇದನ್ನ ಏಜೆಂಟ್ ಹತ್ರ ಮೊದಲ್ನೇ ಫೋನಲ್ಲೇ ಹೇಳಿದ್ವಿ, ಆಯಪ್ಪ "ಮೇಡಂ, ಹಿರಿಯರಿಗೆ ಹೇಳಿ ಮಾಡಿಸಿದ ಜಾಗ, ಎಲ್ಲಾ ಫ್ಲಾಟ್ ಅಲ್ವಾ" ಅಂದ. ದ್ವೀಪ ಫ್ಲಾಟೇ, ಸುಳ್ಳಲ್ಲ. ಅಲ್ಲಿಗೆ ಹೋಗೋ ಬೋಟು ಫ್ಲಾಟ್ ಇರಲ್ಲ.

ವಾಟ್ಸಾಪಲ್ಲಿ ಕಳ್ಸಿದ ಫೋಟೋ ನೀರಿನ ಮೇಲಿನ ವಿಲ್ಲಾದ್ದು. ಪೂರ್ತಿ ದುಡ್ಡು ಕಟ್ಟಿದ್ಮೇಲೆ ಬಂದ ವೋಚರಲ್ಲಿ ಇದ್ದಿದ್ದು ಜನ ವಾಸ ಇರೋ ದ್ವೀಪದ ಒಂದು ಗೆಸ್ಟ್ ಹೌಸ್. ಕೇಳಿದ್ರೆ "ಅದು ರೆಪ್ರೆಸೆಂಟೇಟಿವ್ ಇಮೇಜ್ ಸಾರ್." ಗೆಸ್ಟ್ ಹೌಸ್ ಕೆಟ್ಟದು ಅಂತ ಹೇಳ್ತಿಲ್ಲ ನಾನು, ನಡೆಸ್ತಿದ್ದ ಹುಡುಗರು ಪಾಪ ಒಳ್ಳೆಯವರು, ಬೆಳಿಗ್ಗೆ ಟ್ಯೂನಾ ಮೀನಿಗೆ ತೆಂಗಿನತುರಿ ಈರುಳ್ಳಿ ಹಾಕಿ ಕಲಸಿ ರೊಟ್ಟಿ ಜೊತೆ ಕೊಡ್ತಿದ್ರು, ಮಾಸ್ ಹುನಿ ಅಂತ, ಅಮ್ಮ ಇಡೀ ಟ್ರಿಪ್ಪಲ್ಲಿ ಹೊಗಳಿದ್ದು ಅದೊಂದನ್ನೇ. ಆದ್ರೆ ರೆಸಾರ್ಟ್ ದ್ವೀಪ ಬೇರೆ, ಊರಿರೋ ದ್ವೀಪ ಬೇರೆ ಅನ್ನೋದನ್ನ ಮೊದಲೇ ಹೇಳ್ಬೇಕು ತಾನೇ? ರೆಸಾರ್ಟ್ ಅಂದ್ರೆ ಒಂದು ದ್ವೀಪಕ್ಕೆ ಒಂದೇ ಹೋಟೆಲ್, ಅಲ್ಲಿ ಅವರದೇ ನಿಯಮ. ಊರಿರೋ ದ್ವೀಪದಲ್ಲಿ ದೇಶದ ಕಾನೂನು ಪೂರ್ತಿ ಲಾಗೂ: ಕುಡಿಯೋ ಹಾಗಿಲ್ಲ, ಈಜೋ ಬಟ್ಟೆಲಿ ಓಡಾಡೋಕೆ ಬೇರೆ ಬೀಚ್ ಗುರ್ತು ಮಾಡಿರ್ತಾರೆ, ಶುಕ್ರವಾರ ಬಂತು ಅಂದ್ರೆ ಲೋಕಲ್ ಫೆರಿಗಳು ಬಹುತೇಕ ಓಡಲ್ಲ.

ಶುಕ್ರವಾರದ ವಿಷಯ ಯಾಕೆ ಹೇಳ್ದೆ ಅಂದ್ರೆ ನಾವು ಇಳಿದಿದ್ದು ಗುರುವಾರ ಸಂಜೆ. ಕಡಿಮೆ ರೇಟಿನ ಟಿಕೆಟ್ ಅಂತ ಏಜೆಂಟ್ ಹಾಕ್ಸಿದ ಫ್ಲೈಟ್ ಅದು. ಇಳಿದು ಲಗೇಜ್ ತೊಗೊಳ್ಳೋ ಹೊತ್ತಿಗೆ ಕೊನೇ ಸ್ಪೀಡ್ ಬೋಟ್ ಹೋಗಿತ್ತು. ಏರ್‌ಪೋರ್ಟ್ ಹತ್ರದ ಹುಲುಮಾಲೆಲಿ ರೂಮ್ ಹಿಡಿದ್ವಿ, ನಮ್ಮ ದುಡ್ಡಲ್ಲಿ, ಆ ಕಡೆ ದ್ವೀಪದ ರೂಮಿಗೂ ಆ ರಾತ್ರಿದು ಕಟ್ಟಾಗಿತ್ತು. ಏಜೆಂಟ್ ಫೋನ್ ಎತ್ಲಿಲ್ಲ, ಮೆಸೇಜ್ ಹಾಕ್ದ, "ಪ್ಲೀಸ್ ಅಡ್ಜಸ್ಟ್." ಮಾರ್ನೇ ದಿನ ಶುಕ್ರವಾರ, ಮಾಮೂಲಿ ಬೋಟ್ ಇಲ್ಲ, ಪ್ರೈವೇಟ್ ಬೋಟ್ ಕೇಳಿದ್ರೆ ಹೇಳಿದ ರೇಟಲ್ಲಿ ಬೆಂಗಳೂರಿಗೆ ಇನ್ನೊಂದು ಸಲ ಹೋಗಿ ಬರ್ಬೋದಿತ್ತು. ಶನಿವಾರ ಹೊರಟ್ವಿ. ಆ ಬೋಟಲ್ಲಿ ಹೋಗಿದ್ದು ಹೇಗಿತ್ತು ಅಂದ್ರೆ ಮಕುಟ್ಟ ಘಾಟಿ ರಸ್ತೆಲಿ ಬ್ರೇಕಿಲ್ಲದ ಜೀಪಲ್ಲಿ ಇಳಿದಂಗೆ. ಪ್ರತಿ ಅಲೆಗೂ ಎತ್ತಿ ಎತ್ತಿ ಕುಕ್ಕುತ್ತೆ, ಅಮ್ಮ ಸೀಟಿನ ಕಂಬಿ ಹಿಡ್ಕೊಂಡು ಕಣ್ಣು ಮುಚ್ಚಿದೋರು ಇಳಿಯೋ ತನಕ ತೆಗೀಲಿಲ್ಲ, ಮಕ್ಕಳು ಕವರಲ್ಲಿ ವಾಂತಿ, ಸೊಂಟ ಮಂಡಿ ಎಲ್ಲಾ ಹೋಯ್ತು. ವಾಪಸ್ ಬರೋವಾಗಲೂ ಇದೇ ಬೋಟು ಹತ್ತಬೇಕಲ್ಲಾ ಅಂತ ಅಮ್ಮ ಅಲ್ಲಿದ್ದಷ್ಟು ದಿನವೂ ಅದನ್ನೇ ಕೇಳ್ತಿದ್ರು. ಬೆನ್ನುನೋವು, ಮಂಡಿನೋವು ಇರೋರನ್ನ, ಬಸುರಿ ಹೆಂಗಸರನ್ನ ಈ ಕಾಲದಲ್ಲಿ ಸ್ಪೀಡ್ ಬೋಟಲ್ಲಿ ಕೂರಿಸ್ಬೇಡಿ.

ದೊಡ್ಡ ರೆಸಾರ್ಟ್ ತೊಗೊಂಡ್ರೆ ನೀರಿನ ಮೇಲೆ ಇಳಿಯೋ ಸೀಪ್ಲೇನ್ ಇದ್ಯಲ್ಲ ಅಂತ ಕೆಲವರು ಹೇಳ್ತಾರೆ. ಸೀಪ್ಲೇನ್ ಹಗಲು ಬೆಳಕಲ್ಲಿ ಮಾತ್ರ ಹಾರೋದು, ಮಧ್ಯಾಹ್ನ ಮೂರೂವರೆ ದಾಟಿ ಮಾಲೆಲಿ ಇಳಿದ್ರೆ ಸಾಮಾನ್ಯವಾಗಿ ಅವತ್ತು ಸಿಗಲ್ಲ. ಲಗೇಜ್ 20 ಕೆಜಿ, ಕೈಚೀಲ 5 ಕೆಜಿ, ಮೇಲಾದ್ರೆ ದುಡ್ಡು. ಹೋಗಿ ಬರೋಕೆ ತಲೆಗೆ ನೂರಾರು ಡಾಲರ್ ಮಾಮೂಲಿ, ದೂರದ್ದಾದ್ರೆ ಇನ್ನೂ ಮೇಲೆ, ಮತ್ತೆ ಈ ದುಡ್ಡು ಆ "ಅರ್ಧ ರೇಟ್" ಒಳಗೆ ಇರಲ್ಲ. ಕೆಳಗೆ ಸಣ್ಣಕ್ಷರದಲ್ಲಿ "ಟ್ರಾನ್ಸ್‌ಫರ್ ಎಕ್ಸ್‌ಟ್ರಾ" ಅಂತ ಬರ್ದಿರ್ತಾರೆ.

ಇನ್ನು ಕಸ್ಟಮ್ಸ್ ಕಥೆ. ಏಜೆಂಟ್ ಕೊಟ್ಟ ಲಿಸ್ಟಲ್ಲಿ "ಅಲ್ಲಿ ಊಟ ದುಬಾರಿ, ಮನೆಯಿಂದ ತಿಂಡಿ ಉಪ್ಪಿನಕಾಯಿ ತನ್ನಿ" ಅಂತ ಇತ್ತು. ಕೊಡಗಿನ ಮನೆಯಿಂದ ಉಪ್ಪಿನಕಾಯಿ ಅಂದ್ರೆ ಏನು ಹೋಗುತ್ತೆ ಅಂತ ಅವನಿಗೆ ಗೊತ್ತಿಲ್ವಾ? ಅಕ್ಕ ಹಂದಿ ಉಪ್ಪಿನಕಾಯಿ ಡಬ್ಬ ತುಂಬಿಸಿದ್ಲು, ಭಾವ ಹೋಂಮೇಡ್ ವೈನ್ ಎರಡು ಬಾಟ್ಲಿ. ಆ ದೇಶಕ್ಕೆ ಹಂದಿ ಮಾಂಸದ್ದೂ ಒಯ್ಯಂಗಿಲ್ಲ, ಹೆಂಡದ್ದೂ ಒಯ್ಯಂಗಿಲ್ಲ. ಸ್ಕ್ಯಾನರಲ್ಲಿ ಬಾಟ್ಲಿ ಕಂಡ ತಕ್ಷಣ ಪಕ್ಕಕ್ಕೆ ಕರೆದ್ರು. ವೈನಿಗೆ ರಸೀದಿ ಕೊಟ್ಟು ವಾಪಸ್ ಹೋಗೋವಾಗ ತೊಗೊಳ್ಳಿ ಅಂದ್ರು, ಉಪ್ಪಿನಕಾಯಿಗೆ ರಸೀದಿ ಇಲ್ಲ, ಕಸದ ಡಬ್ಬಿ. ಅಧಿಕಾರಿಗಳು ಮರ್ಯಾದೆಯಿಂದಲೇ ಮಾತಾಡಿದ್ರು, ಅವರದೇನೂ ತಪ್ಪಿಲ್ಲ. ಅಕ್ಕ ಮಾತ್ರ ಆ ಡಬ್ಬದ ವಿಷಯ ಇವತ್ತಿಗೂ ಬಿಟ್ಟಿಲ್ಲ.

ದ್ವೀಪದಲ್ಲಿ ಬೀಚ್ ಇದ್ದಿದ್ದು ಪಶ್ಚಿಮಕ್ಕೆ, ಗಾಳಿ ಬರೋದೂ ಪಶ್ಚಿಮದಿಂದ. ಕೆಂಪು ಬಾವುಟ ಹಾಕಿದ್ರು, ಮಕ್ಕಳನ್ನ ನೀರಿಗೆ ಬಿಡಂಗಿಲ್ಲ. ಸ್ನಾರ್ಕಲಿಂಗು, ಮರಳುದಿಬ್ಬಕ್ಕೆ ಕರ್ಕೊಂಡು ಹೋಗೋದು, ಡಾಲ್ಫಿನ್ ತೋರ್ಸೋದು, ಎಲ್ಲಕ್ಕೂ ಏಜೆಂಟ್ ಮೊದಲೇ ದುಡ್ಡು ತೊಗೊಂಡಿದ್ದ, ಎಲ್ಲಾ ಕ್ಯಾನ್ಸಲ್, ಒಂದಕ್ಕೂ ರೀಫಂಡ್ ಇಲ್ಲ, "ವೆದರ್ ನಮ್ಮ ಕೈಲಿಲ್ಲ ಸಾರ್." ಜುಲೈಲಿ ವೆದರ್ ಹೀಗೇ ಇರುತ್ತೆ ಅನ್ನೋದು ಇಪ್ಪತ್ತು ಫ್ಯಾಮಿಲಿ ಕಳ್ಸಿರೋ ಮನುಷ್ಯನಿಗೆ ಗೊತ್ತಿರುತ್ತೆ. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಈ ಕಾಲದಲ್ಲಿ ಅಲ್ಲಿಗೆ ಬೇಕಂತಲೇ ಬರೋ ಜನನೂ ಇದ್ದಾರೆ, ಬಾ ಅಟಾಲ್ ಅನ್ನೋ ದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಲಿ ಮಾಂಟಾ ರೇ ಮೀನುಗಳು ಗುಂಪಾಗಿ ಸೇರೋದೇ ಜೂನಿಂದ ನವೆಂಬರ್ ಒಳಗೆ, ಸರ್ಫಿಂಗ್ ಮಾಡೋರಿಗೂ ಇದೇ ಸೀಸನ್ನು. ಅಂಥೋರಿಗೆ ಮಾರ್ಲಿ. ಅಜ್ಜಿ ಮೊಮ್ಮಕ್ಕಳಿಗೆ ಮಾರಬೇಡಿ.

ಈಗ ದುಡ್ಡಿನ ವಿಷಯ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ನಮ್ಮ ಬಿಲ್ಲಲ್ಲಿ "ವೀಸಾ ಪ್ರೊಸೆಸಿಂಗ್" ಅಂತ ತಲೆಗೆ ಇಷ್ಟು ಅಂತ ಹಾಕಿದ್ದ. ಮಾಲ್ಡೀವ್ಸ್‌ಗೆ ನಮಗೆ ವೀಸಾ ಅಲ್ಲೇ ಇಳಿದ್ಮೇಲೆ ಸಿಗುತ್ತೆ, ಬಿಟ್ಟಿ. ಮುಂಚೆ ತುಂಬಬೇಕಾಗಿರೋದು ಇಮುಗಾ ಅನ್ನೋ ಆನ್‌ಲೈನ್ ಫಾರ್ಮ್, ಪ್ರಯಾಣಕ್ಕೆ 96 ಗಂಟೆ ಒಳಗೆ, ಅದೂ ಬಿಟ್ಟಿ, ಮನೇಲಿ ಕಾಲೇಜಿಗೆ ಹೋಗೋ ಮಕ್ಕಳಿದ್ರೆ ಹತ್ತು ನಿಮಿಷದ ಕೆಲಸ. ಅದಕ್ಕೆ ಯಾರಾದ್ರೂ ದುಡ್ಡು ಕೇಳಿದ್ರೆ ಅಲ್ಲೇ ಎದ್ದು ಬನ್ನಿ. ಆಮೇಲೆ ಗ್ರೀನ್ ಟ್ಯಾಕ್ಸ್. 2025ರ ಜನವರಿಯಿಂದ ರೆಸಾರ್ಟಿಗೆ, ದೊಡ್ಡ ಹೋಟೆಲಿಗೆ ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್, ಊರಿರೋ ದ್ವೀಪದ 50 ರೂಮ್ ಒಳಗಿನ ಗೆಸ್ಟ್ ಹೌಸಿಗೆ 6 ಡಾಲರ್. ಆರು ಜನ ಐದು ರಾತ್ರಿ ರೆಸಾರ್ಟಲ್ಲಿ ಇದ್ರೆ ಅದೇ 360 ಡಾಲರ್ ಆಯ್ತು. ಅದಲ್ದೆ ಅವರ ಟೂರಿಸಂ ಜಿಎಸ್‌ಟಿ 2025ರ ಜುಲೈಯಿಂದ 17 ಪರ್ಸೆಂಟ್, ಜೊತೆಗೆ ಸರ್ವಿಸ್ ಚಾರ್ಜ್ 10 ಪರ್ಸೆಂಟ್, ಒಂದು ಬಾಟ್ಲಿ ನೀರು ತೊಗೊಂಡ್ರೂ ಬೀಳುತ್ತೆ. ಇದೆಲ್ಲಾ ಸೇರ್ಸಿ ರೇಟ್ ಎಷ್ಟು ಅಂತ ಬರವಣಿಗೆಲಿ ಕೇಳಿ. ನಮಗೆ ಬರೀ ಬಾಯಿ ಮಾತಲ್ಲಿ "ಎಲ್ಲಾ ಇನ್‌ಕ್ಲೂಡೆಡ್" ಅಂದಿದ್ದ, ಕೊನೇ ದಿನ ಗೆಸ್ಟ್ ಹೌಸ್ ಹುಡುಗರು ಬಿಲ್ ಕೊಟ್ಟಾಗ ಭಾವನ ಮುಖ ನೋಡೋ ಹಾಗಿರಲಿಲ್ಲ.

ಇನ್ನೊಂದು ನಮ್ಮ ಜಿಲ್ಲೆಯೋರು ಜಾಸ್ತಿ ಕಳ್ಕೊಳ್ಳೋ ಜಾಗ, ಟಿಸಿಎಸ್ ಅನ್ನೋ ತೆರಿಗೆ. ವಿದೇಶ ಟೂರ್ ಪ್ಯಾಕೇಜ್ ಮಾರೋವಾಗ ಏಜೆಂಟ್ ಇದನ್ನ ಹಿಡ್ಕೊಂಡು ನಿಮ್ಮ ಪ್ಯಾನ್ ನಂಬರ್ ಮೇಲೆ ಇನ್‌ಕಂ ಟ್ಯಾಕ್ಸಿಗೆ ಕಟ್ಟಬೇಕು, ಅದು ನಿಮ್ಮ ಟ್ಯಾಕ್ಸ್ ಸ್ಟೇಟ್‌ಮೆಂಟಲ್ಲಿ (26ಎಎಸ್) ಕಾಣುತ್ತೆ, ರಿಟರ್ನ್ ಫೈಲ್ ಮಾಡಿದ್ರೆ ವಾಪಸ್ ಕೇಳ್ಬೋದು. ನಮ್ಮಲ್ಲಿ ತೋಟದ ಕಾಫಿ ಹಾಗೇ ಮಾರೋರು ಬಹಳ ಜನ ಕೃಷಿ ಆದಾಯ ಅಂತ ರಿಟರ್ನೇ ಹಾಕಲ್ಲ, ಆ ದುಡ್ಡು ಅಲ್ಲೇ ಕೂತಿರುತ್ತೆ. ಅದಕ್ಕಿಂತ ಕೆಟ್ಟದ್ದು, ಟಿಸಿಎಸ್ ಅಂತ ಹೇಳಿ ವಸೂಲಿ ಮಾಡಿ ಕಟ್ಟದೇ ಇರೋದು. ಭಾವನ 26ಎಎಸ್ ತೆಗೆದು ನೋಡಿದ್ರೆ ಆ ಹೆಸರಲ್ಲಿ ಒಂದು ರೂಪಾಯಿ ಇಲ್ಲ. ಏಜೆಂಟ್ ಹತ್ರ ಟಿಸಿಎಸ್ ಕಟ್ಟಿದ ಸರ್ಟಿಫಿಕೇಟ್ ಕೇಳಿ, ಕೊಡದೆ ಕತೆ ಹೇಳಿದ್ರೆ ಅರ್ಥ ಮಾಡ್ಕೊಳ್ಳಿ.

ಹಂಗಾದ್ರೆ ಮಳೆಗಾಲದಲ್ಲಿ ದ್ವೀಪಕ್ಕೆ ಹೋಗ್ಲೇಬಾರ್ದಾ ಅಂತ ಕೇಳಿದ್ರೆ, ಹೋಗ್ಬೋದು, ಭೂಮಧ್ಯರೇಖೆ ದಾಟಿ ಕೆಳಗೆ ಹೋಗಿ. ಬಾಲಿಲಿ ಏಪ್ರಿಲಿಂದ ಅಕ್ಟೋಬರ್ ತನಕ ಒಣ ಕಾಲ, ಜುಲೈ ಆಗಸ್ಟ್ ಅಂದ್ರೆ ಅಲ್ಲಿ ಒಳ್ಳೆ ಸೀಸನ್, ರಶ್ಶೂ ಜಾಸ್ತಿ. ಅಲ್ಲಿ ವೀಸಾಗೆ 5 ಲಕ್ಷ ರೂಪಾಯಾ, ಪ್ರವಾಸಿ ತೆರಿಗೆ ಅಂತ 1.5 ಲಕ್ಷ ರೂಪಾಯಾ, ಕೇಳಿ ಗಾಬರಿ ಆಗ್ಬೇಡಿ, ಅವರ ದುಡ್ಡಲ್ಲಿ. ಮಕ್ಕಳಿದ್ರೆ ಕುಟಾ ಕಡೆ ಅಲೆ ಜೋರು, ಸನೂರ್ ಅಥವಾ ನುಸಾ ದುವಾ ವಾಸಿ. ಮಾರಿಷಸ್‌ನಲ್ಲಿ ಜುಲೈ ಅಂದ್ರೆ ಚಳಿಗಾಲ, ನಮ್ಮ ಮಡಿಕೇರಿ ಚಳಿ ಅಲ್ಲ, ಹಗಲು ಹಿತವಾಗಿರುತ್ತೆ ಆದ್ರೆ ಸಮುದ್ರ ಸ್ವಲ್ಪ ತಣ್ಣಗೆ. ಪೂರ್ವ ಕಡೆ ಗಾಳಿ, ಅದಕ್ಕೇ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಆ ಕಡೆ ರೂಮ್ ನೋಡಿ, ಭಾರತದೋರಿಗೆ ವೀಸಾ ದುಡ್ಡೂ ಇಲ್ಲ. ಭೂಮಧ್ಯರೇಖೆ ದಾಟದೇನೂ ಆಗೋ ಜಾಗ ಶ್ರೀಲಂಕಾ, ಅಲ್ಲಿ ಈ ಟೈಮಲ್ಲಿ ಕೊಲಂಬೋ ಗಾಲೆ ಕಡೆ ಮಳೆ, ಅದೇ ಟ್ರಿಂಕೋಮಲೀ, ನಿಲಾವೇಲಿ, ಪಾಸಿಕುಡಾ ಕಡೆ ಮೇಯಿಂದ ಸೆಪ್ಟೆಂಬರ್ ತನಕ ಸಮುದ್ರ ಶಾಂತ. ದೇಶ ಒಂದೇ, ಕರಾವಳಿ ಎರಡು ತರ. ಏಜೆಂಟ್ "ಶ್ರೀಲಂಕಾ" ಅಂದ ಅಂತ ಒಪ್ಬೇಡಿ, ಯಾವ ಕಡೆ ಅಂತ ಕೇಳಿ.

ಅಂಡಮಾನ್ ಜುಲೈಗೆ ಬೇಡ್ವೇ ಬೇಡ, ಅಲ್ಲಿಗೆ ಮುಂಗಾರು ಕೇರಳಕ್ಕೆ ಬರೋ ಮುಂಚೇನೇ ಬರುತ್ತೆ, ಪೋರ್ಟ್ ಬ್ಲೇರಿಂದ ಹ್ಯಾವ್ಲಾಕ್‌ಗೆ ಹೋಗೋ ಫೆರಿ ಗಾಳಿ ಜೋರಾದ್ರೆ ನಿಲ್ಲಿಸ್ತಾರೆ, ಈ ಊರುಗಳ ಹೆಸರು ಈಗ ಶ್ರೀ ವಿಜಯ ಪುರಂ, ಸ್ವರಾಜ್ ದ್ವೀಪ, ಟಿಕೆಟಲ್ಲಿ ಹಾಗೆ ಇದ್ರೆ ಕನ್‌ಫ್ಯೂಸ್ ಆಗ್ಬೇಡಿ. ಲಕ್ಷದ್ವೀಪಕ್ಕೂ ಮಳೆಗಾಲ ಆಗಲ್ಲ, ಪರ್ಮಿಟ್ ಬೇರೆ ಬೇಕು. ಇವೆರಡೂ ಕುಯ್ಲು ಮುಗಿಸಿ ಕಾಫಿ ಹೂಮಳೆ ನೋಡ್ಕೊಂಡು ಮಾರ್ಚ್ ಏಪ್ರಿಲಲ್ಲಿ ಹೋಗೋ ಜಾಗಗಳು, ಮದ್ವೆಗಳನ್ನ ಒಂದೆರಡು ತಪ್ಪಿಸ್ಕೊಂಡ್ರೆ ಯಾರೂ ಸಾಯಲ್ಲ.

ನಮ್ಮ ದುಡ್ಡಿನ ಕಥೆ ಏನಾಯ್ತು ಅಂತ ಕೇಳೋರಿಗೆ: ಮೊದಲು 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ವಿ, ಅದು ಗ್ರಾಹಕರ ಹೆಲ್ಪ್‌ಲೈನ್, ಆಮೇಲೆ ಏಜೆಂಟ್ ಬರೀ ಬೋಟ್ ದುಡ್ಡು ವಾಪಸ್ ಕೊಡ್ತೀನಿ ಅಂತ ಬಂದ, ಒಪ್ಲಿಲ್ಲ. ಈಗ ಮಡಿಕೇರಿಲಿರೋ ಕೊಡಗು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೇಸ್ ಹಾಕಿದ್ದೀವಿ. ಏಜೆಂಟ್ ಆಫೀಸ್ ಬೆಂಗಳೂರಲ್ಲಿದ್ರೂ 2019ರ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೇಲೇ ಕೇಸ್ ಹಾಕ್ಬೋದು, ಕಟ್ಟಿದ ದುಡ್ಡು 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. ಕೇಸ್ ಮುಗಿದಿಲ್ಲ, ಅದಕ್ಕೇ ಹೆಸರು ಬರೀತಿಲ್ಲ, ಕೇಳ್ಬೇಡಿ. ನಮಗೆ ಕೆಲಸಕ್ಕೆ ಬಂದಿದ್ದು ಆ ಮೊದಲ್ನೇ ವಿಲ್ಲಾ ಫೋಟೋ ಮತ್ತೆ "ಎಲ್ಲಾ ಇನ್‌ಕ್ಲೂಡೆಡ್" ಅಂದ ವಾಯ್ಸ್ ಮೆಸೇಜು, ಅಕ್ಕನ ಫೋನಲ್ಲಿ ಉಳಿದಿತ್ತು. ಭಾವನ ಫೋನಲ್ಲಿ ಏಜೆಂಟ್ ತಾನು ಕಳ್ಸಿದ್ದನ್ನೆಲ್ಲಾ ಡಿಲೀಟ್ ಮಾಡಿಬಿಟ್ಟಿದ್ದ, ಹಾಗಾಗಿ ಬಂದ ದಿನವೇ ಸ್ಕ್ರೀನ್‌ಶಾಟ್ ತೆಗೆದು ಮನೇಲಿ ಇನ್ನೊಬ್ಬರಿಗೆ ಕಳ್ಸಿಟ್ಟಿರಿ.